ಸೋನುವಿನ ಶುದ್ಧೋದಕ ಸ್ನಾನ

ಸೇವಾವಧಿಯಿಡೀ ತುಂಟ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟವನಿಗೆ ಒಂದು ಗೋಲ್ಡ್‌ಫಿಶ್ ನೋಡಿಕೊಳ್ಳುವುದು ಯಾವ ಮಹಾಕಾರ್ಯ! ದಿಲ್ಲಿಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದು, ಈಗ ಘಾಜಿಯಾಬಾದಿನ ಮಗನ ಫ್ಲ್ಯಾಟಿನಲ್ಲಿ ವಿರಾಜಮಾನನಾಗಿರುವ ನಾನು, ಮೊಮ್ಮಗಳು ಹರ್ಷಿಣಿಗೆ ಎದೆ ತಟ್ಟಿಕೊಂಡು ಹೀಗೆಂದೆ.

ಅವಳು ಶಾಲೆಯವರೊಡನೆ ಜೈಪುರಕ್ಕೆ ಹೊರಟಿದ್ದಳು. ಬಾಗಿಲಲ್ಲಿ ನಿಂತು, ಮೀನಿನ ಟ್ಯಾಂಕಿನತ್ತ ಕೈ ತೋರಿಸಿ, "ಅಜ್ಜಾ, ಸೋನು ಮೇರಾ ಬಚ್ಚಾ ಹೈ. ಟ್ಯಾಂಕಲ್ಲಿ ನೀರು ಕಮ್ಮಿ ಆದ್ರೆ ಆರ್‌ಒ ನೀರು..." ಎಂದು ಆರಂಭಿಸಿದಳು.

"ಹಾಕ್ತೀನಿ, ಹೋಗಮ್ಮಾ! ಬಸ್ಸು ತಪ್ಪುತ್ತೆ."

ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರ ಕಿವಿ ಹಿಂಡುತ್ತಿದ್ದ ಮಹಾಶಯ ನಾನೇ!

ಮರುದಿನ ನೋಡಿದರೆ, ಬಿಸಿಲಿನ ಧಗೆಗೆ ಟ್ಯಾಂಕಿನ ನೀರು ಎರಡು ಬೆರಳಷ್ಟು ಇಳಿದಿತ್ತು. ಅಷ್ಟನ್ನು ಮಾತ್ರ ತುಂಬಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಮನೆತನದ ಪದ್ಧತಿಯೇನು? ಬೆಳಗಾದರೆ ಕೊಡದ ಹಳೆಯ ನೀರು ಚೆಲ್ಲಿ, ಬೆಳಗಿ, ಹೊಸ ನೀರು ತುಂಬಬೇಕು. ತಂಗಳು ನೀರು ದೇವರಿಗೂ ಸಲ್ಲದು, ಮನುಷ್ಯರಿಗೂ ಸಲ್ಲದು. ಮೀನು ಮಾತ್ರ ಏನು ಪಾಪ ಮಾಡಿದೆ?

ಸೋನುವಿಗೆ ಶುದ್ಧೋದಕ ಸ್ನಾನವನ್ನೇ ಮಾಡಿಸಲು ಸಂಕಲ್ಪಿಸಿದೆ! ಹಳೆಯ ನೀರನ್ನೆಲ್ಲ ಮೊಗೆದು ಬಾಲ್ಕನಿಯ ಬಕೆಟ್ಟುಗಳಿಗೆ ಸುರಿದೆ. ಆರ್‌ಒ ಯಂತ್ರವೋ, ಜ್ವರದಿಂದೆದ್ದ ಮುದುಕನಂತೆ ಗೊಣಗುತ್ತ ದಾರದಷ್ಟು ನೀರು ಬಿಡುತ್ತಿತ್ತು. ಅಲ್ಲಿಯವರೆಗೆ ಸೋನುವಿಗೊಂದು ತಾತ್ಕಾಲಿಕ ವಸತಿ ಬೇಡವೇ? ಕೈಗೆ ಸಿಕ್ಕಿದ ಪಾತ್ರೆಯಲ್ಲಿ ಒಂದಿಷ್ಟು ನೀರಿನೊಡನೆ ಬಿಟ್ಟೆ.

"ರೀ, ಕುಕ್ಕರ್ ಎಲ್ಲಿ? ಬೇಳೆ ಇಡ್ಬೇಕು," ಎಂದು ನನ್ನ ಧರ್ಮಪತ್ನಿ ಲೀಲಾವತಿ ಬಂದಳು.

"ಅದು... ಖಾಲಿ ಇಲ್ಲ ಕಣೇ."

ಮುಚ್ಚಳ ತೆಗೆದಳು. ಸೋನು ಬಾಯಿ ತೆರೆದು ಮುಚ್ಚಿತು. ಲೀಲಾವತಿಯೂ ಬಾಯಿ ತೆರೆದು ಮುಚ್ಚಿದಳು. ಆಮೇಲೆ ಅವಳಿಗೆ ಧ್ವನಿ ಬಂತು!

"ಈರುಳ್ಳಿಯನ್ನೂ ಕಾಣದ ಕುಕ್ಕರಲ್ಲಿ ಮೀನಾ?"

ಅದೇ ಹೊತ್ತಿಗೆ ಪಕ್ಕದ ಮನೆಯ ಕಿಶನ್‌ಜೀ ಪೇಪರ್ ಕೇಳಲು ಬರಬೇಕೆ! ಕುಕ್ಕರಿನೊಳಗೆ ಇಣುಕಿ, "ಅರೇ ಮಾಸ್ಟರ್‌ಜೀ, ಆಪ್ ಭೀ? ಅಚ್ಛಾ ಹೈ, ಅಚ್ಛಾ ಹೈ!" ಎಂದು ನನ್ನ ಬೆನ್ನು ತಟ್ಟಿ ಹೋದರು. ಅರ್ಧ ಗಂಟೆಯಲ್ಲಿ, ಮೇಷ್ಟ್ರೂ ಮೀನು ತಿನ್ನಲು ಶುರುಮಾಡಿದರೆಂದು ಕಟ್ಟಡಕ್ಕೆಲ್ಲ ಸುದ್ದಿ!

ಅಂತೂ ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು ಸ್ಫಟಿಕದಂತೆ ಹೊಳೆಯಿತು. ಸೋನುವನ್ನು ಬಿಟ್ಟೆ. ಅದು ಒಂದು ಸುತ್ತು ಹಾಕಿ, ತಳ ಸೇರಿ, ಓರೆಯಾಗಿ ಮಲಗಿತು.

"ಅಭ್ಯಂಜನ ಆದ್ಮೇಲಿನ ನಿದ್ದೆ," ಎಂದೆ.

"ಕಣ್ಣು ಬಿಟ್ಕೊಂಡಾ?"

"ಮೀನಿಗೆ ರೆಪ್ಪೆ ಇರಲ್ಲ ಕಣೇ," ಎಂದು ಪಾಠ ಹೇಳಿ, ಗಾಜನ್ನು ಬೆರಳಿನಿಂದ ಕುಟ್ಟಿದೆ. ಸೋನು ಅಲುಗಲಿಲ್ಲ. ಆ ಮಗುವಿಗೆ ಏನೆಂದು ಮುಖ ತೋರಿಸಲಿ? ಹರ್ಷಿಣಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಒಪ್ಪಿಸಿದೆ.

"ಪೂರಾ ಪಾನಿ ಬದಲ್ ದಿಯಾ? ಎಲ್ಲಾ ನೀರೂ? ಅಜ್ಜಾ, ಕಮ್ಮಿ ಆದಷ್ಟು ಮಾತ್ರ ಹಾಕಿ ಅಂತ ಹೇಳೋಕೆ ಬಂದ್ರೆ ನೀವು ಕೇಳಲೇ ಇಲ್ಲ! ಆರ್‌ಒ ನೀರಲ್ಲಿ ಲವಣಾನೇ ಇರಲ್ಲ. ಸೋನುಗೆ ಹಳೇ ನೀರೇ ಬೇಕು. ಅದೆಲ್ಲಿದೆ?" ಹುಡುಗಿಯ ದನಿ ಅಳುವಿಗೆ ತಿರುಗಿತ್ತು.

ಬಾಲ್ಕನಿಗೆ ಓಡಿದೆ. ಬಕೆಟ್ಟುಗಳೇ ಇಲ್ಲ!

"ಬಚ್ಚಲಲ್ಲಿವೆ," ಎಂದಳು ಲೀಲಾವತಿ. "ಕರಿಬೇವಿಗೆ ಆಗುತ್ತೆ ಅಂತ ನೆರಳಲ್ಲಿ ಇಟ್ಟಿದ್ದೆ. ಗಿಡ ಒಂದೇ ಒಂದು ಚೊಂಬು ಕುಡಿದಿದೆ."

ಹರ್ಷಿಣಿ ಫೋನಿನಲ್ಲೇ ಹೇಳಿಕೊಟ್ಟಂತೆ, ಟ್ಯಾಂಕಿನ ಶುದ್ಧೋದಕವನ್ನು ತೆಗೆಯುತ್ತ, ತಂಗಳು ನೀರನ್ನು ನಿಧಾನವಾಗಿ ಸುರಿಯುತ್ತ ಹೋದೆ. ಸಂಜೆ ದೀಪ ಹಚ್ಚುವ ವೇಳೆಗೆ ಸೋನು ಬಾಲ ಕುಣಿಸಿತು. ಸದ್ಯ!

ಆಮೇಲೆ ಹುಣಸೆಹಣ್ಣು ಹಚ್ಚಿ ಮೂರನೆಯ ಬಾರಿ ಕುಕ್ಕರ್ ತಿಕ್ಕುತ್ತ, "ನೀನು ಆ ಹಳೇ ನೀರು ಚೆಲ್ಲಿಬಿಟ್ಟಿದ್ರೆ ನನ್ನ ಗತಿ ಏನಾಗ್ತಿತ್ತೇ!" ಎಂದೆ.

"ಹಳೇದು ಅಂತ ಚೆಲ್ಲೋ ಬುದ್ಧಿ ನನಗಿದ್ದಿದ್ರೆ," ಲೀಲಾವತಿ ಕುಕ್ಕರ್ ಮೂಸಿ ನೋಡಿ ಮತ್ತೆ ನನ್ನ ಕೈಗೇ ಕೊಟ್ಟಳು, "ನೀವು ಈ ಮನೇಲಿ ಇರ್ತಿದ್ರೇನ್ರೀ?"