ಹುಲ್ಲು ತಿಂದ ಕಾರು

ಕಾರು ಕೊಂಡ ದಿನವೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಸದಾಶಿವಪ್ಪನ ಕಾರನ್ನು ಸದಾಶಿವಪ್ಪನೇ ಓಡಿಸತಕ್ಕದ್ದು. ಡ್ರೈವರನೆಂಬ ಪರಪುರುಷನ ಕೈ ಅದರ ಸ್ಟೀರಿಂಗಿಗೆ ಸೋಕತಕ್ಕದ್ದಲ್ಲ!

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡುತ್ತ ಇಪ್ಪತ್ತು ವರ್ಷ ಸೈಕಲ್ಲು ತುಳಿದವನು ನಾನು. ಐವತ್ಮೂರನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಕೊಯಮತ್ತೂರಿನಿಂದ ಕಪ್ಪು ಬಣ್ಣದ ಹೊಚ್ಚ ಹೊಸ ಕಾರು ನಮ್ಮ ಬೀದಿಗೆ ಬಂತು. ಬೆಳಗಾದರೆ ನಾನೇ ಅದನ್ನು ರೇಷ್ಮೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ನನ್ನ ಹೆಂಡತಿ ಚನ್ನಾಜಮ್ಮ ಜಗುಲಿಯ ಮೇಲೆ ನಿಂತು ನೋಡುತ್ತಿದ್ದಳು.

“ಮದ್ವೆಯಾಗಿ ಹದಿನೆಂಟು ವರ್ಷ ಆಯ್ತು. ನನ್ನ ಮೊಕ ಇಷ್ಟೊತ್ತು ನೋಡಿದ್ದು ಕಾಣೆ ಕಣ್ರಿ” ಎಂದಳು ಒಂದು ದಿನ.

“ನಿನ್ನ ಮೊಕದಲ್ಲಿ ನನ್ನ ಮೊಕ ಕಾಣಾಕಿಲ್ಲ. ಇದ್ರಲ್ಲಿ ಕಾಣ್ತದೆ” ಎಂದೆ. ಆ ಮಧ್ಯಾಹ್ನದ ಸಾರಿನಲ್ಲಿ ಉಪ್ಪಿರಲಿಲ್ಲ.

ಕಾರಿಗೆ ಇಪ್ಪತ್ತೆರಡು ದಿನ ತುಂಬಿದಾಗ ನನ್ನ ಅಕ್ಕನ ಮಗ ಷಡಕ್ಷರಿಯ ಮದುವೆ ಬಂತು. ಹುಡುಗ ಕುಂತೂರಿನಲ್ಲಿ ಶಾಲಾ ಮೇಷ್ಟ್ರು. ಹುಡುಗಿ ಯಳಂದೂರಿನ ಶಿವನಂಜಯ್ಯನವರ ಮಗಳು. ಯಳಂದೂರೇನೂ ದೂರವಲ್ಲ, ಹತ್ತು ಮೈಲಿ. ಆದರೆ ಆಗ ನಾವು ಮದರಾಸು ರಾಜ್ಯದವರು, ಅವರು ಮೈಸೂರು ರಾಜ್ಯದವರು. ಹತ್ತು ಮೈಲಿ ಹೋದರೂ ರಾಜ್ಯ ದಾಟಿ ಹೆಣ್ಣು ತಂದ ಗೌರವ. ಇಂಥ ದಂಡಯಾತ್ರೆಗೆ ಮದುಮಗ ಗಾಡಿಯಲ್ಲಿ ಕುಲುಕಾಡಿಕೊಂಡು ಹೋದರೆ ಸೋದರಮಾವನಾದ ನನ್ನ ಮರ್ಯಾದೆ ಏನಾಗಬೇಕು?

ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟರು. ನಾನು ಮದುಮಗನನ್ನು ತಡೆದು ನಿಲ್ಲಿಸಿಕೊಂಡೆ.

“ಅರಿಸಿನ ಹಚ್ಚಿದ ಗಂಡು, ಇವತ್ತೇ ಕರ್ಕಂಡೋಗ್ತೀನಿ ಬುಡಪ್ಪ” ಎಂದಳು ನನ್ನಕ್ಕ ಪುಟ್ಟಬಸಮ್ಮ. “ಹನ್ನೊಂದರೊಳಗೆ ಮುಹೂರ್ತ. ಇದು ತಪ್ಪುದ್ರೆ ಇನ್ನೆರಡು ತಿಂಗಳು ಒಳ್ಳೆ ದಿನ ಇಲ್ಲ ಅಂದವ್ರೆ ಅಯ್ನೋರು.”

“ಅಕ್ಕಾ, ಎಂಟೂವರೆಗೆ ಹೊರಟ್ರೆ ಒಂಬತ್ತೂಕಾಲಿಗೆ ಚಪ್ಪರದ ಮುಂದೆ ಇಳಿಸ್ತೀನಿ. ನೀನು ಆರತಿ ತಟ್ಟೆ ಹಿಡ್ಕಂಡು ನಿಂತಿರು, ಸಾಕು.”

ಬೆಳಿಗ್ಗೆ ಹಿಂದಿನ ಡಿಕ್ಕಿ ತೆಗೆದು ನೋಡಿದರೆ ಜಾಗವಿಲ್ಲ. ಷಡಕ್ಷರಿಯ ಟ್ರಂಕು, ಎರಡು ಗೊನೆ ರಸಬಾಳೆ, ಒಂದು ಚೀಲ ತೆಂಗಿನಕಾಯಿ. ಇವುಗಳ ಮಧ್ಯೆ ಸ್ಟೆಪ್ನಿ ಎಂಬ ಐದನೆಯ ಚಕ್ರವೊಂದು ಕಾಲು ಚಾಚಿ ಮಲಗಿತ್ತು. ಅದನ್ನೂ ಅದರ ಜೊತೆಗಿದ್ದ ಜಾಕಿಯ ಚೀಲವನ್ನೂ ಎತ್ತಿ ನಡುಮನೆಗೆ ಉರುಳಿಸಿದೆ.

“ಅದ್ಯಾಕೆ ಇಳಿಸ್ತೀರಿ? ಕೊಟ್ಟೋರು ಸುಮ್ನೆ ಕೊಟ್ಟಿದ್ದಾರಾ?” ಎಂದಳು ಚನ್ನಾಜಮ್ಮ.

“ಹೊಸ ಜೋಡು ಮೆಟ್ಟಿದೋನು ಕಂಕುಳಲ್ಲಿ ಇನ್ನೊಂದು ಜೋಡು ಇಟ್ಕಂಡು ಓಡಾಡ್ತಾನಾ?” ಎಂದೆ.

ಹೊರಟೆವು. ಆಹಾ, ಅದೇನು ಸವಾರಿ! ಮುಂದೆ ಜರಿಪೇಟದ ಷಡಕ್ಷರಿ, ಹಿಂದೆ ಹಸಿರು ಸೀರೆಯ ಚನ್ನಾಜಮ್ಮ, ಸ್ಟೀರಿಂಗ್ ಹಿಡಿದು ಬೇಡದಿದ್ದರೂ ಹಾರನ್ ಒತ್ತುತ್ತಿದ್ದ ನಾನು. ಗದ್ದೆಯ ಬದುವಿನ ಮೇಲಿದ್ದ ಕೊಕ್ಕರೆಗೂ ಹಾರನ್ ಹೊಡೆದೆ. ಮೈಸೂರು ಸೀಮೆ ಹೊಕ್ಕೆವು. ಮಾಂಬಳ್ಳಿ ಇನ್ನೇನು ಬಂತು ಅನ್ನುವಾಗ ಹಿಂದಿನಿಂದ ‘ಟಪ್’ ಎಂದಿತು. ಆಮೇಲೆ ಕಾರು ಎಡಗಡೆಗೆ ವಾಲಿ ಕುಂಟತೊಡಗಿತು.

“ಏನ್ರಿ ಅದು?” ಎಂದಳು ಹೆಂಡತಿ.

“ರಸ್ತೆ ವಾಲಿದೆ. ಮೈಸೂರು ಸರ್ಕಾರದ ರಸ್ತೆ, ಹಂಗೇ” ಎಂದೆ.

ಒಂದು ಫರ್ಲಾಂಗು ಹೋಗುವಷ್ಟರಲ್ಲಿ ವಾಲಿರುವುದು ಸರ್ಕಾರವಲ್ಲ, ನನ್ನ ಕಾರೇ ಎಂಬುದು ಖಚಿತವಾಯಿತು. ಇಳಿದು ನೋಡಿದರೆ ಹಿಂದಿನ ಎಡ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ಯಾವುದೋ ಎತ್ತಿನ ಲಾಳದಿಂದ ಕಳಚಿ ಬಿದ್ದ ಮೊಳೆ ನೆಟ್ಟಗೆ ಟೈರಿನೊಳಗೆ ಕೂತಿದೆ.

ಈಗ ಒಂದು ಸತ್ಯ ಒಪ್ಪಿಕೊಳ್ಳಬೇಕು. ಕಾರು ಓಡಿಸುವುದನ್ನು ಕಲಿತಿದ್ದೆನೇ ಹೊರತು, ಅದು ನಿಂತರೆ ಏನು ಮಾಡಬೇಕೆಂದು ಕಲಿತಿರಲಿಲ್ಲ. ಆದರೆ ಹೆಂಡತಿಯೂ ಅಕ್ಕನ ಮಗನೂ ನನ್ನ ಮುಖವನ್ನೇ ನೋಡುತ್ತ ನಿಂತಿರುವಾಗ ಗಂಡಸಾದವನು ಏನಾದರೂ ಮಾಡಲೇಬೇಕಲ್ಲ? ರೇಷ್ಮೆ ಪಂಚೆ ಎತ್ತಿ ಕಟ್ಟಿ, ಬಹಳ ಗಂಭೀರವಾಗಿ ಬಾನೆಟ್ ತೆಗೆದು, ತಲೆ ಒಳಗೆ ಹಾಕಿದೆ. ಒಂದು ತಂತಿ ಎಳೆದು ನೋಡಿದೆ. ಒಂದು ಮುಚ್ಚಳ ತಿರುಗಿಸಿ ಮುಚ್ಚಿದೆ. “ಹೂಂ” ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ “ಹೂಂ” ಎಂದೆ.

ಷಡಕ್ಷರಿ ಮೆಲ್ಲಗೆ ಬಂದು, “ಮಾವ, ಟೈರು ಹಿಂದ್ಗಡೆ ಅಲ್ವಾ?” ಎಂದ.

“ಮೇಷ್ಟ್ರೇ, ಇದು ಮಗ್ಗಿ ಅಲ್ಲ, ಯಂತ್ರ. ಕಾಲು ನೋವು ಬಂದ್ರೆ ಡಾಕ್ಟ್ರು ಮೊದ್ಲು ಎದೆ ನೋಡಲ್ವಾ?”

ಹೀಗೆ ಎದೆ ನೋಡುತ್ತ ನೋಡುತ್ತ ಮುಕ್ಕಾಲು ಗಂಟೆ ಕಳೆಯಿತು. ಇದ್ದ ಒಂದು ಬಸ್ಸೂ ನಾವು ಕೈ ತೋರಿಸಿದರೂ ನಿಲ್ಲದೆ ಧೂಳೆಬ್ಬಿಸಿ ಹೋಯಿತು. ಕಾರಿನವರು ಟಾಟಾ ಮಾಡುತ್ತಿದ್ದಾರೆಂದು ತಿಳಿದು ಒಳಗಿದ್ದವರು ನಮಗೂ ಕೈ ಬೀಸಿದರು. ಷಡಕ್ಷರಿ ಗಡಿಯಾರ ನೋಡಿ ಬೆವರಿದ. “ಮಾವ, ನಾನು ಓಡ್ತೀನಿ. ನಾಲ್ಕು ಮೈಲಿ ತಾನೆ” ಎಂದು ಪಂಚೆ ಎತ್ತಿ ಕಟ್ಟಿಯೇಬಿಟ್ಟ. ಪೇಟ ಸುತ್ತಿದ ಮದುಮಗ ರಸ್ತೆಯಲ್ಲಿ ಓಡುವುದನ್ನು ಕಂಡರೆ ಜನ ಹುಡುಗಿ ಬೇಡವೆಂದು ತಪ್ಪಿಸಿಕೊಂಡು ಹೋಗುತ್ತಿದ್ದಾನೆ ಅಂದುಕೊಳ್ಳುವುದಿಲ್ಲವೇ? ಅವನ ರಟ್ಟೆ ಹಿಡಿದುಕೊಂಡೆ. ಒಂದು ಕೈಯಲ್ಲಿ ಮದುಮಗ, ಇನ್ನೊಂದು ಕೈಯಲ್ಲಿ ಬಾನೆಟ್. ಚಪ್ಪರದ ಮುಂದೆ ಆರತಿ ಹಿಡಿದು ನಿಂತಿರುವ ಅಕ್ಕನ ಮುಖ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ನೋಡುತ್ತೇನೆ, ಚನ್ನಾಜಮ್ಮ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗದ್ದೆಯ ಬದುವಿನ ಮೇಲೆ ನಡೆದು ಹೋಗಿ, ಅಲ್ಲೊಂದು ಕಣದಲ್ಲಿ ಬತ್ತ ಬಡಿಯುತ್ತಿದ್ದವರನ್ನು ಕರೆದುಕೊಂಡು ಬರುತ್ತಿದ್ದಾಳೆ. ಎಂಟು ಜನ. ಮುಂದಾಳು ಚಿಕ್ಕಮಾದಯ್ಯ ಎಂಬ ನರೆಗೂದಲಿನ ರೈತ. ಅವನು ಬಾನೆಟ್ಟಿನ ಕಡೆ ನೋಡಲೂ ಇಲ್ಲ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಗಾಳಿ ಓಗ್ಬುಟ್ಟದೆ ಸಾ.”

“ಅದು ನನಗೂ ಗೊತ್ತು. ನಿನ್ನ ಗಾಡಿ ಇದ್ಯಾ?”

“ಕಬ್ಬು ತಕಂಡು ಆಲೆಮನೆಗೆ ಓಗ್ಯದೆ. ಬರಾದು ಮಧ್ಯಾನ್ನ.” ಗಡ್ಡ ಕೆರೆದುಕೊಂಡ. “ಯುದ್ದದ ಕಾಲ್ದಲ್ಲಿ ಒಬ್ಬ ಮಿಲ್ಟ್ರಿ ಲಾರಿಯೋನು ಇಲ್ಲೇ ಇಂಗೇ ನಿಂತಿದ್ದ. ಟೈರೊಳಕೆ ಉಲ್ಲು ತುಂಬ್ಕಂಡು ಓದ ಸಾ. ಬೇಕಾದ್ರೆ ತುಂಬ್ತೀವಿ.”

“ಹುಲ್ಲಾ? ನನ್ನ ಹೊಸ ಕಾರಿಗಾ?”

“ಗಾಳಿ ನಿಮ್ತಾವ ಇಲ್ಲ. ಉಲ್ಲು ನಮ್ತಾವ ಅದೆ” ಎಂದ ಚಿಕ್ಕಮಾದಯ್ಯ.

“ತುಂಬಣ್ಣ” ಎಂದಳು ಚನ್ನಾಜಮ್ಮ. ನನ್ನನ್ನು ಯಾರೂ ಕೇಳಲಿಲ್ಲ.

ಆರು ಜನ “ಏಳು ಮಲೆ ಮಾದಪ್ಪಾ” ಎಂದು ಕೂಗಿ ಕಾರಿನ ಹಿಂಭಾಗವನ್ನು ಅನಾಮತ್ತಾಗಿ ಎತ್ತಿದರು. ಇನ್ನಿಬ್ಬರು ಕೆಳಗೆ ಮರದ ದಿಮ್ಮಿ ಕೊಟ್ಟರು. ಚಿಕ್ಕಮಾದಯ್ಯ ಹಾರೆಯ ತುದಿಯಿಂದ ಟೈರಿನ ಅಂಚನ್ನು ಮೀಟಿ, ಒಳಗಿನ ಟ್ಯೂಬನ್ನು ಸತ್ತ ಹೆಬ್ಬಾವಿನಂತೆ ಹೊರಗೆಳೆದು ನನ್ನ ಕೈಗೆ ಕೊಟ್ಟ. ನೀರು ಚಿಮುಕಿಸಿದ ಹೊಸ ನೆಲ್ಲುಹುಲ್ಲು ಹೊರೆಹೊರೆಯಾಗಿ ಬಂತು. ಗುದ್ದಿ ಗುದ್ದಿ ತುಂಬಿದರು. ಮದುಮಗನೂ ಪೇಟ ತೆಗೆದಿಟ್ಟು ತುಂಬಿದ. ನಾನು ಟ್ಯೂಬು ಹೆಗಲ ಮೇಲೆ ಹಾಕಿಕೊಂಡು “ಆ ಕಡೆ ಇನ್ನೊಂದಿಷ್ಟು” ಎಂದು ಮೇಲ್ವಿಚಾರಣೆ ಮಾಡಿದೆ. ಟೈರಿನ ಅಂಚನ್ನು ಮತ್ತೆ ಒಳಗೆ ಕೂರಿಸಿ ಕಾರನ್ನು ಇಳಿಸಿದರೆ, ಅರೆ, ನೆಟ್ಟಗೆ ನಿಂತಿತು! ಚನ್ನಾಜಮ್ಮ ಡಿಕ್ಕಿಯಿಂದ ಒಂದು ಗೊನೆ ರಸಬಾಳೆ ತೆಗೆದು ಅವರ ಕೈಗಿತ್ತಳು.

“ಮೆಲ್ಲಗೆ ಓಗಿ ಸಾ. ಒಟ್ಟೆ ತುಂಬಿದ ಮ್ಯಾಲೆ ಓಡಿಸ್ಬಾರ್ದು” ಎಂದ ಚಿಕ್ಕಮಾದಯ್ಯ.

ಆಮೇಲಿನ ನಾಲ್ಕು ಮೈಲಿಯನ್ನು ನನ್ನ ಮೂಳೆಗಳು ಇನ್ನೂ ಮರೆತಿಲ್ಲ. ಮೂರು ಚಕ್ರ ಉರುಳುತ್ತಿದ್ದವು, ನಾಲ್ಕನೆಯದು ಕುಣಿಯುತ್ತಿತ್ತು. ದಡಬಡ, ದಡಬಡ. ಹಿಂದೆ ಚನ್ನಾಜಮ್ಮ ಮೇಲೆ ಕೆಳಗೆ ಹಾರುತ್ತ ಶಿವಶಿವಾ ಎನ್ನುತ್ತಿದ್ದಳು. ಷಡಕ್ಷರಿ ಒಂದು ಕೈಯಲ್ಲಿ ಪೇಟ, ಇನ್ನೊಂದರಲ್ಲಿ ಗಡಿಯಾರ ಹಿಡಿದು “ಹತ್ತು ನಲವತ್ತು ಮಾವ, ಹತ್ತು ನಲವತ್ತೆರಡು ಮಾವ” ಎಂದು ಎಣಿಸುತ್ತಿದ್ದ. ದಾರಿಯುದ್ದಕ್ಕೂ ಹುಲ್ಲಿನ ಎಳೆಗಳು ಹಾರುತ್ತಿದ್ದವು. ಯಳಂದೂರಿನ ಬೀದಿ ಹೊಕ್ಕಾಗ ಹತ್ತು ಐವತ್ತೊಂದು. ಅಕ್ಕ ಆರತಿ ತಟ್ಟೆ ಹಿಡಿದು ಅಳುತ್ತಿದ್ದಳು. ಓಲಗದವರು ಊದುವುದನ್ನೇ ಮರೆತಿದ್ದರು. ಷಡಕ್ಷರಿ ಕಾರು ನಿಲ್ಲುವ ಮೊದಲೇ ಹಾರಿ ಚಪ್ಪರದೊಳಕ್ಕೆ ಓಡಿದ. ಮುಹೂರ್ತ ತಪ್ಪಲಿಲ್ಲ. ತಾಳಿ ಕಟ್ಟುವಾಗ ಅವನ ಕಿವಿಯ ಹಿಂದೆ ಎರಡು ಎಳೆ ನೆಲ್ಲುಹುಲ್ಲು ಇತ್ತು, ಅಷ್ಟೆ.

ಊಟಕ್ಕೆ ಕೂತಾಗ ನನಗೆ ಹಳೆಯ ಹುರುಪೆಲ್ಲ ಮರಳಿತು. ಅಕ್ಕಪಕ್ಕದ ಎಲೆಗಳವರಿಗೆ ಕಥೆ ಹೇಳತೊಡಗಿದೆ. ಎರಡನೆಯ ಹೋಳಿಗೆ ಬರುವಷ್ಟರಲ್ಲಿ ಹುಲ್ಲು ತುಂಬುವ ಉಪಾಯ ನನ್ನದಾಗಿತ್ತು. ಮೂರನೆಯದಕ್ಕೆ ಹಾರೆ ಮೀಟಿದವನೂ ನಾನೇ. ತುಪ್ಪ ಬಡಿಸುತ್ತ ಬಂದ ಚನ್ನಾಜಮ್ಮ ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತಳು. ತುಪ್ಪ ಹಾಕದೆ ಮುಂದಕ್ಕೆ ಹೋದಳು.

ಆಗ ಬೀಗರಾದ ಶಿವನಂಜಯ್ಯನವರು ಕೈ ಕೈ ಹಿಸುಕಿಕೊಳ್ಳುತ್ತ ಬಂದರು.

“ಬೀಗ್ರು ತಪ್ಪು ತಿಳ್ಕಬಾರ್ದು. ನಮ್ಮ ಹಸ ನಿಮ್ಮ ಕಾರು ತಿಂತಾ ಅದೆ.”

ಎಂಜಲು ಕೈಯಲ್ಲೇ ಓಡಿದೆ. ಕುಣಿದು ಕುಣಿದು ಟೈರಿನ ಅಂಚು ಒಂದು ಗೇಣು ಬಾಯಿ ಬಿಟ್ಟಿತ್ತು. ಬೀಗರ ಕೆಂದ ಹಸು ಅದಕ್ಕೆ ಮೂತಿಯಿಟ್ಟು ಹುಲ್ಲು ಜಗ್ಗುತ್ತಿತ್ತು. ಅದರ ಹಿಂದೆ ಎರಡು ಹೋರಿ, ಒಂದು ಎಮ್ಮೆ ಕಾದು ನಿಂತಿದ್ದವು. ನಾನು ಹತ್ತಿರ ಹೋಗುವಷ್ಟರಲ್ಲಿ ಕೊನೆಯ ಹಿಡಿ ಹುಲ್ಲೂ ಹೊರಬಂತು. ಕಾರು ನಿಟ್ಟುಸಿರು ಬಿಟ್ಟ ಹಾಗೆ ಎಡಗಡೆಗೆ ಕೂತುಬಿಟ್ಟಿತು. ಹಸು ಬಾಯಾಡಿಸುತ್ತ ನನ್ನನ್ನು ನೋಡಿತು.

ಮಧ್ಯಾಹ್ನ ಮೂರಕ್ಕೆ ಹೊಸ ಜೋಡಿಯನ್ನು ಕಮಾನು ಗಾಡಿಯಲ್ಲಿ ಕೂರಿಸಿ ಎಲ್ಲರೂ ಹೊರಟರು. ಚನ್ನಾಜಮ್ಮನೂ ಸೆರಗು ಸರಿಮಾಡಿಕೊಂಡು ಹತ್ತಿ ಕೂತಳು.

“ನಾನು?” ಎಂದೆ.

“ನೀವು ಬಂದ್ಬುಟ್ರೆ ಕಾರು ಓಡ್ಸೋರು ಯಾರು?” ಎಂದಳು. “ಊರಿಗೋಗಿ ರಿಪೇರಿ ಮುತ್ತಯ್ಯನ್ನ ಕಳಿಸ್ತೀನಿ. ಅಲ್ಲೀಗಂಟ ಜೋಪಾನ.”

ದನಗಳು ಮತ್ತೆ ಮತ್ತೆ ಬಂದು ಮೈ ತುರಿಸಿಕೊಳ್ಳಲು ಕಾರಿಗೇ ಒರಗುತ್ತಿದ್ದವು. ಶಿವನಂಜಯ್ಯನವರು ಒಂದು ಬಿದಿರು ಕೋಲು ಕೊಟ್ಟರು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ಸದಾಶಿವಪ್ಪನಾದ ನಾನು, ಜರಿಯಂಚಿನ ಪಂಚೆಯುಟ್ಟು, ಕೋಲು ಹಿಡಿದು, ಬೀದಿಯ ಕಲ್ಲಿನ ಮೇಲೆ ಕೂತು ಹಚಾ, ಹಚಾ ಎನ್ನುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಮುದುಕಿ ಮೇಕೆಗಳನ್ನು ಹೊಡೆದುಕೊಂಡು ಆ ದಾರಿಯಲ್ಲಿ ಬಂದಳು. ಕಾರನ್ನು ಒಂದು ಸುತ್ತು ಹಾಕಿ ನೋಡಿ, ನನ್ನ ಪಕ್ಕದಲ್ಲಿ ನಿಂತಳು.

“ಬೆಳಗ್ಗೆ ಇದ್ಕೆ ಎರಡೊರೆ ಉಲ್ಲು ತಿನ್ಸವ್ರೆ ಅಂದ್ರು, ನಿಜ್ವಾಪ್ಪ?”

“ನಿಜ ಕಣವ್ವ.”

“ಆಲು ಎಷ್ಟು ಕೊಡ್ತದೆ?”

ನಾನು ಕೋಲು ಕೆಳಗಿಟ್ಟು, “ಇಲ್ಲ ಕಣವ್ವ, ಗೊಡ್ಡು” ಎಂದೆ.