ಎದುರುಮನೆಯ ಫೋನೂ ನನ್ನ ಪಾಯಿಂಟರ್ ಪಾಠವೂ

ಮೇಷ್ಟ್ರಾದವನಿಗೆ ಇರುವ ಭಯಗಳಲ್ಲಿ ಅತಿ ದೊಡ್ಡದು ಯಾವುದು ಎಂದರೆ ಬೇರೆಯವರು ಏನು ಹೇಳುತ್ತಾರೋ ಕಾಣೆ. ನನ್ನದು ಮಾತ್ರ ಒಂದೇ: ನನಗೆ ಗೊತ್ತಿಲ್ಲ ಎನ್ನುವುದು ಹುಡುಗರಿಗೆ ಗೊತ್ತಾಗಿಬಿಡುವುದು. ಗಣಿತ ಕಲಿಸುವಷ್ಟು ಕಾಲ ಇದನ್ನು ಹೇಗೋ ನಿಭಾಯಿಸಿದೆ. "ಒಳ್ಳೇ ಪ್ರಶ್ನೆ, ಮನೇಲಿ ಯೋಚನೆ ಮಾಡ್ಕೊಂಡು ಬನ್ನಿ" ಎಂದರೆ ಅವರು ಬರುವಷ್ಟರಲ್ಲಿ ನಾನೂ ಯೋಚಿಸಿಕೊಂಡು ಬಂದಿರುತ್ತಿದ್ದೆ. ಆದರೆ ತೊಂಬತ್ತರ ದಶಕದ ನಡುವೆ ಮಲ್ಲೇಶ್ವರದ ನಮ್ಮ ಕಾಲೇಜಿಗೆ ಎಂಟು ಕಂಪ್ಯೂಟರುಗಳು ಬಂದವು. ಅವಕ್ಕೆ ಗಾಜಿನ ಕೋಣೆ, ಏಸಿ. ನಮಗೆ ಚಪ್ಪಲಿ ಹೊರಗೆ. ನಮ್ಮ ದೇವರ ಮನೆಯಲ್ಲೂ ಅಷ್ಟು ಮಡಿ ಇರಲಿಲ್ಲ. "ಗಣಿತದವರಿಗೆ ಇದೆಲ್ಲಾ ನೀರು ಕುಡಿದ ಹಾಗೆ ಬಿಡಿ" ಎಂದು ಪ್ರಿನ್ಸಿಪಾಲರು ಸಿ ಭಾಷೆಯ ಪಾಠವನ್ನು ನನ್ನ ತಲೆಗೆ ಕಟ್ಟಿದರು.

ಲೂಪು, ಅರೇಗಳವರೆಗೆ ಹೇಗೋ ತೆವಳಿಕೊಂಡು ಬಂದೆ. ಸ್ಟ್ರಕ್ಚರ್ ಕೂಡ ಪರವಾಗಿಲ್ಲ. ಹೆಸರು, ವಯಸ್ಸು, ಅಂಕ ಎಲ್ಲವನ್ನೂ ಒಟ್ಟಿಗೆ ಇಡುವ ಅರ್ಜಿ ಫಾರಂ ಎಂದುಕೊಂಡರಾಯಿತು. ಅದರೊಳಗೆ ಪಾಯಿಂಟರ್ ಬಂತು ನೋಡಿ, ನನ್ನ ನೆಮ್ಮದಿ ಹೋಯಿತು. ಅಲ್ಲಿ ವಸ್ತು ಇರುವುದಿಲ್ಲ. ಅದು ಎಲ್ಲಿದೆ ಎಂಬುದಷ್ಟೇ ಇರುತ್ತದೆ. ಸ್ಟ್ರಕ್ಚರನ್ನು ನಕಲು ಮಾಡಿದರೂ ಆ ವಸ್ತು ಒಂದೇ ಉಳಿಯುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಯಾಕೆ ಎಂದು ಹುಡುಗರು ಕೇಳಿದರೆ? ಸೋಮವಾರ "ಹಳೇ ಪಾಠ ರಿವಿಷನ್" ಎಂದೆ. ಮಂಗಳವಾರ ಹೊಟ್ಟೆನೋವು ಎಂದು ಚೀಟಿ ಕಳಿಸಿದೆ. ಕಳಿಸಿದ ಮೇಲೆ ನಿಜವಾಗಿಯೂ ಬಂತು.

ಅಂದು ಸಂಜೆ ನನ್ನ ಹೆಂಡತಿ ಮಗಳ ಶಾಲೆಯ ಫಾರಂ ತುಂಬುತ್ತಿದ್ದಳು. "ರೀ, ಫೋನ್ ನಂಬರ್ ಅಂತ ಕೇಳಿದಾರೆ. ನಂಜುಂಡಯ್ಯನವರ ನಂಬರ್ ಹಾಕಿ ಪಿ.ಪಿ. ಅಂತ ಬರೀಲಾ?" ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಪಿ.ಪಿ. ಎಂದರೆ ಫೋನ್ ಬೇರೆಯವರದು, ಕೇಳಿದರೆ ನಮ್ಮನ್ನು ಕರೆದುಕೊಡುತ್ತಾರೆ ಎಂದರ್ಥ. ಎದುರುಮನೆಯ ನಂಜುಂಡಯ್ಯನವರು, ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು, ನಮಗೆ ಯಾರಾದರೂ ಫೋನ್ ಮಾಡಿದರೆ ಗೇಟಿಗೆ ಬಂದು "ಮೇಷ್ಟ್ರೇ, ಫೋನ್!" ಎಂದು ಕೂಗುತ್ತಿದ್ದರು. ನಾನು ಧಡಕ್ಕನೆ ಎದ್ದೆ. ಫಾರಂ ನಮ್ಮದು, ಫೋನ್ ಅವರದು! ಫಾರಂನಲ್ಲಿರುವುದು ಬರೀ ನಂಬರ್! "ಇದನ್ನ ಹತ್ತು ಜೆರಾಕ್ಸ್ ಮಾಡಿಸಿದ್ರೆ ಎಷ್ಟು ಫೋನ್ ಆಗುತ್ತೆ ಹೇಳು?" ಎಂದು ಕೇಳಿದೆ.

"ಒಂದೂ ಆಗಲ್ಲ. ನೀವು ಫೋನಿಗೆ ಅರ್ಜಿ ಹಾಕೇ ಆರು ವರ್ಷ ಆಯ್ತು" ಎಂದಳು.

ಬುಧವಾರ ನಾನು ಮಾಡಿದ ಪಾಠವನ್ನು ನನ್ನ ಬಾಯಿಂದಲೇ ಹೊಗಳಿಕೊಳ್ಳಬಾರದು, ಆದರೂ ಚೆನ್ನಾಗಿತ್ತು. ಬೋರ್ಡಿನಲ್ಲಿ ಎರಡು ಫಾರಂ ಬರೆದು, ಎರಡರಿಂದಲೂ ಒಂದೇ ಫೋನಿಗೆ ಗೆರೆ ಎಳೆದೆ. ಒಂದು ಫಾರಂ ಹಿಡಿದು ಹೋಗಿ ಆ ಫೋನಿಗೆ ಕೆಂಪು ಬಣ್ಣ ಬಳಿದರೆ, ಇನ್ನೊಂದು ಫಾರಂನವನಿಗೂ ಕೆಂಪು ಫೋನೇ ಸಿಗುತ್ತದೆ ಎಂದೆ. ಹುಡುಗರು ತಲೆದೂಗಿದರು. ಆ ಉತ್ಸಾಹದಲ್ಲಿ ಒಂದೇ ಒಂದು ತಪ್ಪಾಯಿತು. ಉದಾಹರಣೆಗೆ ಬೇರೆ ನಂಬರ್ ಹೊಳೆಯದೆ ನಂಜುಂಡಯ್ಯನವರ ನಂಬರನ್ನೇ, ಪಕ್ಕದಲ್ಲಿ ನನ್ನ ಹೆಸರು ಹಾಕಿ ಪಿ.ಪಿ. ಎಂದು ಬರೆದಿದ್ದೆ. ಅರವತ್ತು ಜನ ಅದನ್ನು ನೋಟ್ಸಿಗೆ ಇಳಿಸಿಕೊಂಡರು.

ಮತ್ತಿಕೆರೆಯ ರೂಮುಗಳಲ್ಲಿದ್ದ ಹುಡುಗರು ಒಂದೊಂದು ರೂಪಾಯಿ ಕಾಯಿನ್ ಹಾಕಿ ಡೌಟು ಕೇಳತೊಡಗಿದರು. ಕೂಗು ಬಂದಾಗಲೆಲ್ಲ ನಾನು ರಸ್ತೆ ದಾಟಿ ಓಡಿ, ಅವರ ನಡುಮನೆಯಲ್ಲಿ ನಿಂತು, "ಒಳಗಡೆ ಇರೋ ಪಾಯಿಂಟರ್‌ಗೆ ಚುಕ್ಕಿ ಸಾಕಪ್ಪ. ಸ್ಟ್ರಕ್ಚರನ್ನೇ ಪಾಯಿಂಟರಿಂದ ಹಿಡಿದ್ರೆ ಬಾಣ ಹಾಕು" ಎಂದು ಸಿ ಭಾಷೆಯ ಗುರುತುಗಳನ್ನು ಕಿರುಚಿ ಹೇಳುತ್ತಿದ್ದೆ. ನಂಜುಂಡಯ್ಯನವರು ಪೇಪರಿನ ಮರೆಯಲ್ಲಿ ಕೂತಿರುತ್ತಿದ್ದರು. ಅವರ ಹೆಂಡತಿ ನನ್ನವಳನ್ನು "ನಿಮ್ಮೆಜಮಾನ್ರು ರಂಗೋಲಿ ಕ್ಲಾಸ್ ಶುರು ಮಾಡಿದಾರೇನ್ರೀ?" ಎಂದು ವಿಚಾರಿಸಿದರಂತೆ.

ವಾರ ಕಳೆಯುವಷ್ಟರಲ್ಲಿ ಕೂಗು ನಿಂತುಹೋಯಿತು. ನಂಜುಂಡಯ್ಯನವರು ಬೇಸತ್ತು ಹುಡುಗರನ್ನು ಬೈದು ಫೋನ್ ಇಡುತ್ತಿರಬೇಕು ಎಂದು ಹೆದರಿ, ಕ್ಷಮೆ ಕೇಳಲು ಹೋದೆ. ಅವರು ಫೋನಿನಲ್ಲೇ ಇದ್ದರು. "ನೋಡು ಮಗು, ಬಾಣ ಯಾವಾಗ ಬರುತ್ತೆ ಅಂದ್ರೆ..."

ಮುಗಿಸಿ ನನ್ನ ಕಡೆ ತಿರುಗಿದರು. "ನಿಮ್ಮನ್ನ ಯಾಕೆ ಸುಮ್ನೆ ಓಡಿಸೋದು ಅಂತ. ಎಲ್ಲರದ್ದೂ ಅದೇ ಪ್ರಶ್ನೆ. ನಮ್ಮ ಕೇರಾಫ್ ಇದ್ದಂಗೇ ಅಲ್ವೇನ್ರೀ ಇದು? ಮೂವತ್ತು ವರ್ಷ ಅದೇ ಮಾಡಿದೀನಿ. ನಿಮ್ಮ ಪುಸ್ತಕ ಎರಡು ದಿನ ಕೊಟ್ಟಿರ್ತೀರಾ?"

ಕೊಟ್ಟೆ. ಎರಡು ದಿನ ಎರಡು ವಾರವಾಯಿತು. ಅಷ್ಟರಲ್ಲಿ ಮೊದಲ ಬೆಂಚಿನ ವಸುಧಾ ಎಂಬ ಹುಡುಗಿ ಎದ್ದು, "ಸಾರ್, ಫೋನಲ್ಲಿ ನಿಮ್ಮ ಅಸಿಸ್ಟೆಂಟು ತುಂಬಾ ಚೆನ್ನಾಗಿ ಹೇಳ್ಕೊಡ್ತಾರೆ" ಎಂದಳು. "ನಾನೇ ತಯಾರು ಮಾಡಿರೋದು" ಎಂದುಬಿಟ್ಟೆ.

ಮುಂದಿನ ಪಾಠ ಬಂತು. ಸ್ಟ್ರಕ್ಚರಿನೊಳಗೆ ಅದೇ ಸ್ಟ್ರಕ್ಚರನ್ನು ಇಡಬಾರದಂತೆ, ಅದರ ಪಾಯಿಂಟರ್ ಇಡಬಹುದಂತೆ. ಯಾಕೋ ನನಗೆ ತಿಳಿಯಲಿಲ್ಲ, ಪುಸ್ತಕವೂ ಕೈಯಲ್ಲಿಲ್ಲ. ಎದುರುಮನೆಗೆ ಹೋಗಿ ಕೇಳಿದರೆ ಮಾನ ಏನಾಗಬೇಕು? ಎರಡು ಕ್ರಾಸ್ ಆಚೆಯ ಅಂಗಡಿಗೆ ಹೋಗಿ, ಕಾಯಿನ್ ಬಾಕ್ಸಿಗೆ ಒಂದು ರೂಪಾಯಿ ಹಾಕಿ, ಬಾಯಿಗೆ ಕರ್ಚೀಫ್ ಅಡ್ಡ ಹಿಡಿದು, ಹದಿನೆಂಟು ವರ್ಷದ ದನಿ ತೆಗೆದು ಪ್ರಶ್ನೆ ಕೇಳಿದೆ.

ನಂಜುಂಡಯ್ಯನವರು ಸಮಾಧಾನವಾಗಿ ಹೇಳಿದರು: "ಮೂವತ್ತು-ನಲವತ್ತರ ಸೈಟಲ್ಲಿ ಮನೆ ಕಟ್ಟಿ, ಅದರೊಳಗೆ ಅಷ್ಟೇ ದೊಡ್ಡ ಇನ್ನೊಂದು ಮನೆ, ಅದರೊಳಗೆ ಮತ್ತೊಂದು ಅಂದ್ರೆ ಮುಗಿಯೋದು ಯಾವಾಗ? ಪಕ್ಕದ ಮನೆ ನಂಬರ್ ಬರ್ಕೊಂಡ್ರೆ ಜಾಗ ಎಷ್ಟು ಬೇಕು? ಒಂದು ಚೀಟಿ. ಅರ್ಥ ಆಯ್ತಾ ಮೇಷ್ಟ್ರೇ?"

"ಆಯ್ತು ಸಾರ್" ಎಂದೆ. ಹೋಗಬೇಕಾದ ಮಾನ ಹೋಗಿಯಾಗಿತ್ತು. ಹಾಕಿದ ರೂಪಾಯಿಯಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಕರ್ಚೀಫನ್ನು ಜೇಬಿಗೆ ಹಾಕಿಕೊಂಡು ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ.