ಮೂರಕ್ಷರದ ಸರ್ಟಿಫಿಕೇಟಿನ ಫಜೀತಿಗಳು

ತೊಂಬತ್ತರ ದಶಕದಲ್ಲಿ ನಾನು ಮಾಡುತ್ತಿದ್ದ ಕೆಲಸ ಏನು ಅಂತ ನಮ್ಮ ಮನೆಯವರಿಗೇ ಕೊನೆಯವರೆಗೂ ಅರ್ಥವಾಗಲಿಲ್ಲ. ಸಣ್ಣಪುಟ್ಟ ಕಾರ್ಖಾನೆಗಳಿಗೆ ಹೋಗಿ, ಐಎಸ್ಒ ಅನ್ನುವ ಗುಣಮಟ್ಟದ ಸರ್ಟಿಫಿಕೇಟು ಸಿಗುವ ಹಾಗೆ ಅವರನ್ನು ತಯಾರು ಮಾಡುವುದು. ಆ ಕಾಗದ ಗೋಡೆ ಮೇಲಿದ್ದರೆ ದೊಡ್ಡ ಕಂಪನಿಗಳು ಆರ್ಡರ್ ಕೊಡುತ್ತಿದ್ದವು, ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಿದ್ದವು. ಬೆಂಗಳೂರಿನಿಂದ ಆಡಿಟರ್ ಬಂದು ಎಲ್ಲ ನೋಡಿ ಸೈ ಅನ್ನಬೇಕು. ನಾನು ಎಷ್ಟೇ ತಯಾರಿ ಮಾಡಿಸಿರಲಿ, ಅವರು ಕಾರಿನಿಂದ ಕಾಲು ಕೆಳಗಿಟ್ಟ ಗಳಿಗೆಯಿಂದ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು.

ನಾಲ್ಕು ಸಾಲಿನ ನೀತಿ

ಶ್ರೀರಂಗಪಟ್ಟಣದ ಹತ್ತಿರ ಒಂದು ನಟ್ಟು ಬೋಲ್ಟಿನ ಕಾರ್ಖಾನೆ. ಕೆಲಸಗಾರರಿಗೆಲ್ಲ ಕಂಪನಿಯ 'ಗುಣಮಟ್ಟ ನೀತಿ' ಬಾಯಿಪಾಠ ಬರಬೇಕಿತ್ತು. ಇದ್ದದ್ದು ನಾಲ್ಕೇ ಸಾಲು. ಆದರೆ ಬರೆದವನು ನಾನು. ಒಂದೊಂದು ಸಾಲೂ ಮೈಸೂರು ರಸ್ತೆಯಷ್ಟು ಉದ್ದ. ವಾರವಾದರೂ ಯಾರ ಬಾಯಿಗೂ ಹತ್ತಲಿಲ್ಲ. ಕೊನೆಗೆ ಮೇಸ್ತ್ರಿ, "ನೀವು ಓಗಿ ಸಾ, ನಾನ್ ಕಲಿಸ್ತೀನಿ" ಅಂದ.

ಆಡಿಟ್ ದಿನ ಆಡಿಟರ್ ಲೇತ್ ಮುಂದಿದ್ದ ಪಾಲಹಳ್ಳಿಯವನೊಬ್ಬನನ್ನು ಕೇಳಿದರು: "ನಿಮ್ಮ ಗುಣಮಟ್ಟ ನೀತಿ ಏನಪ್ಪ?"

ಅವನು ಎದೆ ಸೆಟೆಸಿ, ಕಣ್ಣು ಮುಚ್ಚಿ, ಒಂದು ಸಾಲನ್ನು ಗಡಗಡ ಒಪ್ಪಿಸಿ ನಿಲ್ಲಿಸಿದ.

"ಮಿಕ್ಕಿದ್ದು?"

"ನಂದು ಮೂರ್ನೇ ಸಾಲು ಮಾತ್ರ ಸಾ. ಮೊದಲ್ನೇದು, ಎರಡ್ನೇದು ಆ ಕಡೆ ಮಿಷನ್ನೋರು ಏಳ್ತಾರೆ."

"ನಾಲ್ಕನೇದು?"

"ಅವ್ನು ಇವತ್ತು ರಜಾ ಸಾ. ಅವರತ್ತಿಗೆಗೆ ಎರಿಗೆ."

ಚೀಟಿ

ಪಾಂಡವಪುರದ ಒಂದು ಅಕ್ಕಿ ಗಿರಣಿಯಲ್ಲಿ ಪ್ರತಿ ವಸ್ತುವಿಗೂ ಚೀಟಿ ಅಂಟಿಸಲು ಹೇಳಿದ್ದೆ. ಓಡುವ ಯಂತ್ರಕ್ಕೆ 'ಚಾಲ್ತಿಯಲ್ಲಿದೆ', ಕೆಟ್ಟದ್ದಕ್ಕೆ 'ರಿಪೇರಿಗೆ', ಸುಮ್ಮನೆ ಬಿದ್ದಿರುವುದಕ್ಕೆ 'ಉಪಯೋಗದಲ್ಲಿಲ್ಲ'. ಮಾರನೇ ವಾರ ಹೋದರೆ ಆಫೀಸಿನ ಕುರ್ಚಿಗೂ 'ಉಪಯೋಗದಲ್ಲಿಲ್ಲ' ಅಂತ ಅಂಟಿಸಿದ್ದಾರೆ. ಅದರಲ್ಲಿ ಯಜಮಾನರ ಭಾಮೈದ ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದಾನೆ.

ನಾನು ಯಜಮಾನರ ಕಿವಿಯಲ್ಲಿ, "ಸ್ವಾಮಿ, ಕುರ್ಚಿ ಉಪಯೋಗದಲ್ಲಿದೆಯಲ್ಲ, ಚೀಟಿ ತೆಗೆಸಿ" ಅಂದೆ.

ಅವರು ನನ್ನ ಕಿವಿಯಲ್ಲಿ ಅಂದರು: "ಅದು ಕುರ್ಚಿಗಲ್ಲ ಬುಡಿ ಸಾ."

ಒಂದು ದೂರು ಕೊಟ್ಟೋಗಣ್ಣ

ನಾಗಮಂಗಲದಲ್ಲಿ ಗುದ್ದಲಿ, ಹಾರೆ ಮಾಡುವ ಕಾರ್ಖಾನೆ. ಗಿರಾಕಿಗಳ ದೂರು ಬರೆಯುವ ಪುಸ್ತಕ ಖಾಲಿ ಇದ್ದದ್ದು ನೋಡಿ ಆಡಿಟರಿಗೆ ಅನುಮಾನ. "ಒಂದೂ ದೂರಿಲ್ಲ ಅಂದರೆ ನೀವು ಬರೆದುಕೊಳ್ಳುವುದೇ ಇಲ್ಲ ಅಂತ. ಮುಂದಿನ ತಿಂಗಳು ಬರ್ತೀನಿ" ಅಂತ ಹೊರಟುಹೋದರು.

ಯಜಮಾನ ರಸ್ತೆಗಿಳಿದು ಹಳೇ ಗಿರಾಕಿಯೊಬ್ಬನನ್ನು ಅಡ್ಡಹಾಕಿದ. "ಅಣ್ಣ, ಒಂದು ದೂರು ಕೊಟ್ಟೋಗಣ್ಣ."

"ಗುದ್ದಲಿ ಚೆನ್ನಾಗದಲ್ಲೋ. ಏನಂತ ಕೊಡ್ಲಿ?"

"ಏನಾರ ಕೊಡಣ್ಣ, ನಿನ್ ದಮ್ಮಯ್ಯ."

ಗಿರಾಕಿ ತಲೆ ಕೆರೆದುಕೊಂಡು, "ಬಂದೋರ್ಗೆ ಒಂದು ಟೀ ಕೊಡಾಕಿಲ್ಲ ಅಂತ ಬರ್ಕೊ" ಅಂದ.

ದೂರಿನ ಪಕ್ಕದಲ್ಲಿ ಪರಿಹಾರವನ್ನೂ ಬರೆಯಬೇಕಲ್ಲ. ನಾನೇ ಬರೆದೆ: "ಇನ್ನು ಮುಂದೆ ದೂರು ಕೊಟ್ಟವರಿಗೆಲ್ಲ ಟೀ ಕೊಡಲಾಗುವುದು."

ತಿಂಗಳು ಬಿಟ್ಟು ಆಡಿಟರ್ ಬಂದಾಗ ಎರಡನೇ ಪುಸ್ತಕ ಅರ್ಧ ತುಂಬಿತ್ತು. ಕೊನೆಯ ದೂರು ಹೀಗಿತ್ತು: "ನಾನು ಇಲ್ಲಿ ಇನ್ನೂ ಏನೂ ಕೊಂಡಿಲ್ಲ. ಟೀಗೆ ಸಕ್ಕರೆ ಕಮ್ಮಿ."

ಅಳತೆಯ ಉಪಕರಣ

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಕಡೆ ಒಂದು ಮನೆಯಲ್ಲಿ ಅಪ್ಪಳ ಮಾಡುತ್ತಿದ್ದರು. ಸೊಸೆಯದೇ ಯಜಮಾನಿಕೆ, ಊರಿನ ಹತ್ತಾರು ಹೆಂಗಸರಿಗೆ ಅದರಿಂದ ಕೆಲಸ. ಮೈಸೂರಿನ ದೊಡ್ಡ ವ್ಯಾಪಾರಿಯೊಬ್ಬರು, ಸರ್ಟಿಫಿಕೇಟು ತಂದರೆ ವರ್ಷಪೂರ್ತಿ ಅಪ್ಪಳ ತಗೋತೀನಿ ಅಂದಿದ್ದರು. ಹೇಗಾದರೂ ಅದನ್ನು ಪಡೆಯಲೇಬೇಕು ಅಂತ ಆಕೆ ತಿಂಗಳುಗಟ್ಟಲೆ ಒದ್ದಾಡಿದ್ದಳು.

ಆಡಿಟರ್ ಕೇಳಿದರು: "ಹಿಟ್ಟಿಗೆ ಉಪ್ಪು ಸರಿಯಾಗಿದೆ ಅಂತ ಯಾವುದರಿಂದ ಅಳೀತೀರಮ್ಮ?"

"ನಮ್ಮತ್ತೆಯಿಂದ ಸಾ" ಅಂತ ಸೊಸೆ ಮೂಲೆಗೆ ಕೈ ತೋರಿಸಿದಳು. ಅಲ್ಲಿ ಅತ್ತೆ ಎಲೆಅಡಿಕೆ ಕುಟ್ಟುತ್ತ ಕೂತಿದ್ದರು. "ಚೂರು ನಾಲ್ಗೆ ಮೇಲಿಟ್ಕೊಂಡು ಏಳ್ಬುಡ್ತಾರೆ."

ಆಡಿಟರ್ ಗಂಭೀರವಾಗಿ ಬರೆದುಕೊಂಡರು. "ಹಾಗಾದರೆ ಅಳತೆಯ ಉಪಕರಣ ಇವರೇ. ಉಪಕರಣ ಸರಿಯಾಗಿದೆ ಅಂತ ಪರೀಕ್ಷೆ ಆಗಿದೆಯಾ?"

ಸೊಸೆ ಮೆಲ್ಲಗೆ ಅಂದಳು: "ನಮ್ಮಾವ ಮೂವತ್ತು ವರ್ಸದಿಂದ ಮಾಡ್ತಾವ್ರೆ ಸಾ, ಇನ್ನೂ ಮುಗ್ದಿಲ್ಲ."

ಅಲ್ಲೇ ಪರೀಕ್ಷೆ ಏರ್ಪಾಡಾಯಿತು. ಮೂರು ಉಂಡೆ ಹಿಟ್ಟು. ಒಂದನ್ನು ನಾನು ಕಲಸಿದೆ, ಒಂದನ್ನು ಸೊಸೆ, ಒಂದನ್ನು ಸ್ವತಃ ಆಡಿಟರ್. ಅತ್ತೆ ಬಾಯಿ ಮುಕ್ಕಳಿಸಿ ಬಂದು ಒಂದೊಂದೇ ನಾಲಿಗೆಗಿಟ್ಟರು.

"ಇದ್ಕೆ ಉಪ್ಪು ಕಮ್ಮಿ. ಇದು ಸರ್ಯಾಗದೆ. ಥೂ, ಇದ್ಯಾವನ್ಲಾ ಕಲಸ್ದೋನು? ದನನೂ ಮೂಸಾಕಿಲ್ಲ!"

ಆಡಿಟರ್ ಕೈ ತೊಳೆದುಕೊಂಡು ಬಂದು, ಒಂದು ಚೀಟಿಯಲ್ಲಿ 'ಉಪಕರಣ ಸರಿಯಾಗಿದೆ' ಅಂತ ಬರೆದು, ರುಜು ಹಾಕಿ, ಅದನ್ನು ಉಪಕರಣದ ಹತ್ತಿರವೇ ಅಂಟಿಸಬೇಕು ಅಂದರು. ಅತ್ತೆ ಎರಡೆರಡು ಸಲ ಓದಿಸಿ ಕೇಳಿ, ತಾವು ಕೂರುವ ಜಾಗದ ಮೇಲೆ ಅಂಟಿಸಿಕೊಂಡರು.

ಸರ್ಟಿಫಿಕೇಟು ಬಂತು, ಆರ್ಡರೂ ಬಂತು. ಶುಭಾಶಯ ಹೇಳೋಣ ಅಂತ ಹೋದರೆ ಸೊಸೆ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದಳು.

"ಸಾ, ಕಾಫಿಯಿಂದ ಇಡ್ದು ನಾನು ಉಡೋ ಸೀರೆಗಂಟ ಏನ್ ಮಾತಾಡುದ್ರೂ ನಮ್ಮತ್ತೆ ಆ ಚೀಟಿ ತಟ್ಟಿ ತೋರಿಸ್ತಾವ್ರೆ. 'ಬೆಂಗ್ಳೂರ್ನೋರೇ ನಾನು ಸರಿ ಅಂತ ಬರ್ಕೊಟ್ಟವ್ರೆ ಕಣಮ್ಮಿ, ನೀನ್ಯಾವೋಳು?' ಅಂತಾರೆ. ಅದು ಎಷ್ಟು ದಿಸಕ್ಕೆ ಸಾ?"

"ಒಂದು ವರ್ಷಕ್ಕಮ್ಮ. ಆಮೇಲೆ ಮತ್ತೆ ಪರೀಕ್ಷೆ."

ಆಕೆಯ ಮುಖ ಅರಳಿತು. "ಮುಂದಿನ್ ಸಲ ಎಂಗಾರ ಮಾಡಿ ಫೇಲ್ ಮಾಡ್ಸ್‌ಬುಡಿ ಸಾ!"

"ಏನಮ್ಮ ಇದು! ಫೇಲಾದರೆ ಅಪ್ಪಳದ ಆರ್ಡರೇ ಹೋಗುತ್ತಲ್ಲ?"

"ಓಗ್ಲಿ ಬುಡಿ ಸಾ" ಅಂದಳು. "ಸಂಡಿಗೆ ಮಾಡ್ಕೋತೀನಿ!"